ಪಟ್ಟಿಯಲ್ಲಿಲ್ಲದ ಮಾವು

"ಇಡೀ ತೈನಾನ್ ಊರಿನ ಮರ ಇದರಲ್ಲಿದೆ ಅಂತೀಯಲ್ಲಮ್ಮ, ನನ್ನ ಮನೆ ಮುಂದಿನ ಮಾವು ಎಲ್ಲಿ?"

ಗ್ರಂಥಾಲಯದ ಮೇಜಿನ ಮೇಲಿನ ದೊಡ್ಡ ಪರದೆಯಲ್ಲಿ ನಗರದ ನಕ್ಷೆಯಿತ್ತು. ಬೀದಿಯ ಒಂದೊಂದು ಮರಕ್ಕೂ ಒಂದು ಹಸಿರು ಚುಕ್ಕೆ, ಒಂದು ಸಂಖ್ಯೆ. ಸರ್ಕಾರದ ಪಟ್ಟಿಯನ್ನು ಜನರೇ ನೋಡಲಿ, ತಪ್ಪಿದ್ದರೆ ಹೇಳಲಿ ಎಂದು ಗ್ರಂಥಪಾಲಕಿ ಪೇ-ಚುನ್ ಪ್ರತಿ ಶನಿವಾರ ಅದರ ಮುಂದೆ ಕೂರುತ್ತಿದ್ದಳು. ಯುಯೆ-ಷಿಯಾ ಅಜ್ಜಿ ಬೆರಳಿಟ್ಟ ಓಣಿಯಲ್ಲಿ ಚುಕ್ಕೆ ಇರಲಿಲ್ಲ.

"ಅಲ್ಲಿ ಮರ ಇಲ್ಲ ಅಂತಿದೆ ಅಜ್ಜಿ."

"ಇಲ್ಲದ ಮರದ ಎಲೇನ ದಿನಾ ಗುಡಿಸ್ತಿದೀನಾ ನಾನು? ಮೊನ್ನೆ ಯಾರೋ ಬಂದು ಬುಡದ ಸುತ್ತ ಕೆಂಪು ಗೆರೆ ಎಳೆದು ಹೋದ್ರು. ಕರೆಂಟಿನ ಪೆಟ್ಟಿಗೆ ಇಡ್ತಾರಂತೆ!"

"ಪಟ್ಟಿ ನೋಡಿ ಖಾಲಿ ಜಾಗ ಅಂದ್ಕೊಂಡಿರ್ತಾರೆ. ಇವತ್ತೇ ಸೇರಿಸೋಣ. ಒಂದು ಸಲ ನಂಬರ್ ಬಿತ್ತು ಅಂದ್ರೆ, ಅನುಮತಿ ಇಲ್ಲದೆ ಯಾರೂ ಕೊಡಲಿ ಹಾಕೋ ಹಾಗಿಲ್ಲ. ವಯಸ್ಸು?"

"ನಂದಾ, ಮರದ್ದಾ? ಮದುವೆಯಾದ ವರ್ಷ ನಮ್ಮ ಯಜಮಾನರು ನೆಟ್ಟಿದ್ದು. ಐವತ್ತೈದು." ಯಜಮಾನರು ತೀರಿಕೊಂಡು ನಾಲ್ಕು ತಿಂಗಳಾಗಿತ್ತು.

"ಕಾಯಿ ಬಿಡುತ್ತಾ?"

ಅಜ್ಜಿ ಸುತ್ತ ಒಮ್ಮೆ ಕಣ್ಣಾಡಿಸಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು, "ಇದನ್ನ ಯಾರ್ಯಾರು ನೋಡ್ತಾರೆ?"

"ಯಾರು ಬೇಕಾದ್ರೂ ನೋಡಬಹುದು."

"ಮಾರ್ಕೆಟ್ಟಿನ ಹಿಂದಿನ ಆ ಹುಂಗ್ ಮನೆಯವಳೂ?"

"ಅವರು ಹೋದ ವಾರವೇ ಬಂದಿದ್ರು. ಹಣ್ಣಿನ ಮರಗಳನ್ನೆಲ್ಲ ಬರ್ಕೊಂಡು ಹೋದ್ರು."

"ಕೆಟ್ಟೆ! ಒಂದು ಕಾಯೀನೂ ಉಳಿಸಲ್ಲ ಅವಳು. ಕಾಯಿ ಬಿಡಲ್ಲ ಅಂತ ಬರಿ. ಬರೀ ನೆರಳಿನ ಮರ." ಪೇ-ಚುನ್ ಬೆರಳು ಇನ್ನೂ ಕೀಲಿಮಣೆಯ ಮೇಲಿರುವಾಗಲೇ ಅಜ್ಜಿ ಅವಳ ಕೈ ಹಿಡಿದರು. "ಬೇಡ, ತಡಿ. ಮರ ಉಳಿಸಿಕೊಡಪ್ಪ ಅಂತ ಬೆಳಿಗ್ಗೆ ತಾನೆ ಭೂಮಿದೇವರಿಗೆ ಊದುಬತ್ತಿ ಹಚ್ಚಿ ಬಂದಿದೀನಿ. ಮಧ್ಯಾಹ್ನಕ್ಕೆ ಸುಳ್ಳು ಬರೆಸಿದ್ರೆ ಅವನ ಮುಖ ಹೇಗೆ ನೋಡ್ಲಿ? ಬಿಡುತ್ತೆ ಅಂತಲೇ ಬರಿ. ಬುಟ್ಟಿಗಟ್ಟಲೆ. ಆದ್ರೆ ಹುಳಿ ಅಂತ ದಪ್ಪಕ್ಷರದಲ್ಲಿ ಹಾಕು."

"ಅಷ್ಟು ಹುಳಿನಾ?"

"ಕಚ್ಚಿದ್ರೆ ಒಂದು ಕಣ್ಣು ತಾನಾಗೇ ಮುಚ್ಕೊಳ್ಳುತ್ತೆ. ನಮ್ಮ ಯಜಮಾನರು ಐವತ್ತು ವರ್ಷ ಒಂದೇ ಕಣ್ಣಲ್ಲಿ ನನ್ನ ನೋಡಿದ್ದು. ಅದಕ್ಕೇ ಸಂಸಾರ ನಡೀತು."

ಪೇ-ಚುನ್ ನಗು ತಡೆಯಲಾರದೆ ಕೊನೆಯ ಅಂಕಣಕ್ಕೆ ಬಂದಳು. 'ಇತರ ವಿವರ' ಎಂದಿತ್ತು. ಅಜ್ಜಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕೂತರು.

"ಕಿತ್ತವರು ಹುಳಿ ಅಂತ ಬಿಸಾಕಬಾರದಲ್ಲ, ಬರ್ಕೋ. ಎಳೆಕಾಯಿ ಸಿಪ್ಪೆ ತೆಗೆದು, ಹೋಳು ಮಾಡಿ, ಉಪ್ಪು ಹಚ್ಚಬೇಕು. ಎರಡು ಗಂಟೆ ಬಿಟ್ಟು ಒಗರು ನೀರು ಚೆಲ್ಲಬೇಕು. ಆಮೇಲೆ ಸಕ್ಕರೆ ಬೆರೆಸಿ ಫ್ರಿಜ್ಜಿನಲ್ಲಿಡಬೇಕು."

"ಸಕ್ಕರೆ ಎಷ್ಟು ಅಜ್ಜಿ?"

ಅಜ್ಜಿ ಪರದೆಯ ಮೇಲಿನ ತಮ್ಮ ಓಣಿಯನ್ನು ಸ್ವಲ್ಪ ಹೊತ್ತು ನೋಡಿದರು.

"ಅದೊಂದು ಬರೀಬೇಡ," ಎಂದರು. "ಬಾಗಿಲು ತಟ್ಟಿ ಕೇಳಲಿ."