ಕೆಂಪಣ್ಣನ ಕಲ್ಲು

ಒಂದು ಭಾನುವಾರಕ್ಕೆ ಏಳು ಕೊಡ ನೀರು ಬೇಕು, ಅದೂ ಹಿಂದಿನ ದಿನವೇ ಹಿಡಿದಿಟ್ಟು ಕ್ಲೋರಿನ್ ಹೋಗಿರುವ ನೀರು. ಅದರ ಮೇಲೆ ಮೀನುಗಳ ಬೈಗುಳ ಬೇರೆ. ಮೀನುಗಳ ಮಾತು ಗಾಜಿನಾಚೆಗೂ ಕೇಳುವಂತಾದ ಮೇಲೆ, ಹುಬ್ಬಳ್ಳಿಯ ಬಸಲಿಂಗವ್ವನಿಗೆ ಅಕ್ವೇರಿಯಂ ನೋಡಿಕೊಳ್ಳುವುದೆಂದರೆ ವಠಾರ ನಡೆಸಿದಂತೆಯೇ.

ಆ ಭಾನುವಾರ ಊರು ಬಿಟ್ಟ ಪಕ್ಕದ ಮನೆಯವರು ತಮ್ಮ ನೀಲಿ ಸಿಕ್ಲಿಡ್ ಮೀನನ್ನು ನೀರಿನ ಚೀಲದಲ್ಲಿ ಹಾಕಿ ಕೊಟ್ಟುಹೋಗಿದ್ದರು. ಸಿಕ್ಲಿಡ್ ಎಂದರೆ ತನ್ನ ಜಾಗಕ್ಕೆ ಬಂದವರನ್ನು ಕಚ್ಚಿ ಓಡಿಸುವ ಜಾತಿ. ಟ್ಯಾಂಕಿನ ಐದು ಸಿಕ್ಲಿಡ್‌ಗಳಲ್ಲಿ ಹಿರಿಯನಾದ ಕೆಂಪಣ್ಣ ತನ್ನ ದೊಡ್ಡ ಕಲ್ಲಿನ ಮುಂದೆ ನಿಂತ.

"ಇವನ್ನ ಒಳಗ ಬಿಟ್ಟಿ ಅಂದ್ರ, ಸಂಜಿಗೆ ರೆಕ್ಕಿ ಆರಿಸ್ಕೋಬೇಕಾಗತೈತಿ ನೋಡವ್ವಾ."

"ನಾ ಚೀಲದಾಗ ಇರ್ತೀನಿ ಬಿಡ್ರಿ," ಎಂದಿತು ನೀಲಿ ಮೀನು.

"ಎಷ್ಟ್ ದಿನ ಇರ್ತೀಯೋ ತಮ್ಮಾ?" ಎಂದಳು ಬಸಲಿಂಗವ್ವ.

ಅವಳು ಟ್ಯಾಂಕಿನಿಂದ ಮೂರನೇ ಒಂದು ಪಾಲು ನೀರಷ್ಟೇ ತೆಗೆದು, ಆ ಹಳೆಯ ನೀರಿನಲ್ಲೇ ಫಿಲ್ಟರಿನ ಸ್ಪಂಜು ಹಿಂಡಿದಳು. ಆಮೇಲೆ ತೋಳು ಇಳಿಸಿ ಎಲ್ಲ ಕಲ್ಲುಗಳನ್ನೂ ಅದಲುಬದಲು ಮಾಡಿದಳು. ಹೊಸ ನೀರು ತುಂಬಿ, ಚೀಲ ಬಿಚ್ಚಿ ನೀಲಿ ಮೀನನ್ನು ಒಳಗೆ ಬಿಟ್ಟಳು.

"ನನ್ನ ಮನಿ ಎಲ್ಲೈತಿ?" ಕೆಂಪಣ್ಣ ಗಾಬರಿಯಾದ.

"ಎಲ್ಲಾರ್ದೂ ಹೋಗೇತಿ. ಹುಡುಕ್ಕೋ ಹೋಗಪ್ಪಾ."

ಐದೂ ಮೀನುಗಳು ಮನೆ ಹುಡುಕಲು ಹೊರಟವು. ಹೊಸಬನನ್ನು ಕಚ್ಚಲು ಯಾರಿಗೂ ಪುರುಸೊತ್ತಿರಲಿಲ್ಲ. ಸಂಜೆಗೆ ಕೆಂಪಣ್ಣನಿಗೆ ಒಡೆದ ಹೂಕುಂಡ ಸಿಕ್ಕಿತು, ನೀಲಿ ಮೀನಿಗೆ ದೊಡ್ಡ ಕಲ್ಲಿನ ಹಿಂಬದಿ. ಕೆಂಪಣ್ಣ ಕಲ್ಲು ಕಳೆದುಕೊಂಡ. ಯಾರ ರೆಕ್ಕೆಯೂ ಹರಿಯಲಿಲ್ಲ.