ಸೀರೆಯ ಆ ತುದಿ

“ನಿಮಗ ಹಸರು ಭಾಳ ಒಪ್ಪತೈತ್ರಿ, ವಿಶಾಲಾ ಅವ್ರ,” ಎಂದುಬಿಟ್ಟ ಸುಭಾಸ. ಹಸಿರು ಸೀರೆಯ ಆ ತುದಿ ಹಿಡಿದಿದ್ದ ವಿಶಾಲಾ ನಿಂತಲ್ಲೇ ನಿಂತಳು. ಅವಳು ಗದಗಿನ ಆ ಸೀರೆ ಅಂಗಡಿಗೆ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಒಂದು ದಿನವೂ ಹಸಿರು ಉಟ್ಟು ಬಂದಿರಲಿಲ್ಲ.

ಗಿರಾಕಿಗಳು ಹರವಿಸಿ ಹೋದ ಸೀರೆಗಳನ್ನು ಇಬ್ಬರೂ ಸೇರಿ ಮಡಚುತ್ತಿದ್ದರು. ಅವನೊಂದು ತುದಿ, ಅವಳೊಂದು ತುದಿ ಹಿಡಿದು ಎದುರುಬದುರು ನಡೆದು ಬಂದು ಅಂಚಿಗೆ ಅಂಚು ಕೂಡಿಸುವಾಗ ಅವಳ ಬೆರಳು ಅವನ ಬೆರಳಿಗೆ ತಾಗುತ್ತಿತ್ತು. ಅಷ್ಟಕ್ಕಾಗಿಯೇ ಸುಭಾಸ ಗಿರಾಕಿಗಳು ಕೇಳದ ಸೀರೆಗಳನ್ನೂ ಹರವಿ ತೋರಿಸುತ್ತಿದ್ದ.

“ನಾ ಹಸರು ಉಟ್ಟಿದ್ದು ನೀವೆಲ್ಲಿ ನೋಡೀರಿ?”

ಸುಭಾಸ ತನ್ನ ಕೈಯಲ್ಲಿದ್ದ ಅಂಚನ್ನು ನೇವರಿಸತೊಡಗಿದ. ಅವಳಿಗೇ ಹೊಳೆಯಿತು. “ಫೇಸ್‌ಬುಕ್ಕಿನ್ಯಾಗ. ಲಕ್ಕುಂಡಿ ಬಾವಿ ಮುಂದಿನ ಫೋಟೊ. ನನ್ನ ಬಾಜೂಕ ನಿಂತಾಂವನ್ನೂ ನೋಡೀರಿ ಹಂಗಾರ.” ಅವಳ ದನಿ ಏರಲಿಲ್ಲ. “ಅವನ ಜೋಡಿ ಆಗಿದ್ದ ಮದವಿ ನಿಶ್ಚಯ ಮುರದು ಏಳು ವರ್ಷಾತು. ಪಾಸ್‌ವರ್ಡ್ ಮರತು ಅಳಸಾಕ ಆಗಿಲ್ಲ.”

“ತಪ್ಪಾತ್ರಿ. ಯಾರ ಮುಂದೂ ಹೇಳಂಗಿಲ್ಲ.”

“ಮಂದಿಗೆ ಗೊತ್ತಾದ್ರ ಆಗ್ಲಿ ಬಿಡ್ರಿ,” ಎಂದಳು ವಿಶಾಲಾ. “ನಿಮಗ ಮಾತ್ರ ನಾನ ಖುದ್ದ ಹೇಳಬೇಕಂತಿದ್ದೆ.”

ಕೈಯಲ್ಲಿದ್ದ ತುದಿಯನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ ಅವಳು ಬ್ಲೌಸ್‌ಪೀಸಿನ ಕೌಂಟರಿಗೆ ಹೋಗಿ ನಿಂತಳು. ಮರುದಿನ ಮಾಲಕರನ್ನು ಕೇಳಿಕೊಂಡು ಅಲ್ಲೇ ಕಾಯಂ ಆದಳು. ಈಗ ಸುಭಾಸ ಸೀರೆಯ ಒಂದು ತುದಿಯನ್ನು ಗೂಟಕ್ಕೆ ಸಿಕ್ಕಿಸಿ, ಇನ್ನೊಂದನ್ನು ಹಿಡಿದು ಗೋಡೆಯತ್ತ ನಡೆಯುತ್ತಾನೆ. ಗಿರಾಕಿಗಳು ಎಷ್ಟು ಕೇಳುತ್ತಾರೋ ಅಷ್ಟೇ ಸೀರೆ ಹರವುತ್ತಾನೆ.