ಟೆರೇಸಿನ ಸೋರೆಕಾಯಿ

ಸೋರೆಕಾಯಿ ತೊಳೆಯುವಾಗ ಈಗಲೂ ನನ್ನ ಕೈ ಅದನ್ನು ಮೀನಿನಂತೆಯೇ ಹಿಡಿಯುತ್ತದೆ.

ನಾವು ಚಾಮರಾಜಪೇಟೆಯಲ್ಲಿ ಬಾಡಿಗೆಗಿದ್ದೆವು. ರಜೆಗೆ ಕಾರವಾರಕ್ಕೆ ಹೋಗಿ, ಅಜ್ಜನ ಜೊತೆ ಸಮುದ್ರಕ್ಕೆ ಗಾಳ ಹಾಕುವವಳಿದ್ದೆ. ಅದಕ್ಕೇ ಅಪ್ಪ ಟೆರೇಸಿನಲ್ಲಿ ಸೋರೆಕಾಯಿಗೆ ಗಾಳ ಸಿಕ್ಕಿಸಿ, ಬಿಡಿಸುವುದನ್ನು ಕಲಿಸುತ್ತಿದ್ದರು.

“ಚಿಕ್ಕ ಮೀನಾದ್ರೆ ವಾಪಸ್ ಬಿಡ್ಬೇಕು. ಮೊದ್ಲು ಕೈ ಒದ್ದೆ ಮಾಡ್ಕೋ. ಒಣ ಕೈ ತಾಗಿದ್ರೆ ಮೈಮೇಲಿನ ಲೋಳೆ ಹೋಗಿ ಸತ್ತೋಗುತ್ತೆ.”

ಬಟ್ಟೆ ಒಣಹಾಕಲು ಬಂದ ಓನರ್ ಆಂಟಿ ಮೂಗು ಮುಚ್ಚಿಕೊಂಡರು. “ಈ ಮನೇಲಿ ಮೀನಿನ ಸುದ್ದಿ ಎತ್ಬಾರ್ದು ಅಂತ ಮೊದ್ಲೇ ಹೇಳಿದ್ನಲ್ಲ.”

ಅಪ್ಪ ತಲೆ ತಗ್ಗಿಸಿದರು. ನಾನು ತಗ್ಗಿಸಲಿಲ್ಲ. ಪಕ್ಕದಲ್ಲಿದ್ದ ನೀರಿನ ಬಕೆಟ್ಟಿನಲ್ಲಿ ಕೈ ಅದ್ದಿದೆ, ಗಾಳ ಬಿಡಿಸಿದೆ, ಸೋರೆಕಾಯಿಯ ಹೊಟ್ಟೆಗೆ ಅಂಗೈ ಕೊಟ್ಟು ಅವರ ಮುಂದೆ ಚಾಚಿದೆ.

“ಹಿಡ್ಕೊಳ್ಳಿ ಆಂಟಿ. ಆದ್ರೆ ಮೊದ್ಲು ಕೈ ಒದ್ದೆ ಮಾಡ್ಕೊಳ್ಳಿ.”